ಅಳಿಯನನ್ನು ಕಚ್ಚಿದ ಕೆಂಜಿಗ

ಆಗೆಲ್ಲ ನಮ್ಮೂರಲ್ಲಿ ಮಾವಿನ ಮರ ಹತ್ತುವವರು ಮೊದಲು ಕೈಕಾಲಿಗೆ ಬೂದಿ ಬಳಿದುಕೊಳ್ಳುತ್ತಿದ್ದರು. ಸಾಸಲು ಹಳ್ಳಿಯ ಪಕ್ಕದ ನಮ್ಮ ತಾತನ ತೋಪಿನಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಜಿಗಗಳದೇ ದರ್ಬಾರು. ಕೋಲಿನಿಂದ ಗೂಡು ತಿವಿದು ಓಡುವುದೇ ನಮಗೆ ಆಟ. ಆ ಕೆಂಪಿರುವೆ ಕಚ್ಚಿದರೆ ಅಮ್ಮ ಬೈಯುತ್ತಲೇ ಸುಣ್ಣ ಹಚ್ಚುತ್ತಿದ್ದಳು.

ಆ ವರ್ಷ ಯುಗಾದಿಗೆ ತಾತನ ಒಬ್ಬಳೇ ಮಗಳು ಗಂಗತ್ತೆ, ದೊಡ್ಡಬಳ್ಳಾಪುರದಿಂದ ಹೊಸ ಗಂಡನ ಜೊತೆ ಬಂದಳು. ಒಬ್ಬಟ್ಟಿನ ಘಮ ಬೀದಿಗೂ ಬರುತ್ತಿತ್ತು. ತೋರಣಕ್ಕೆ ಸೊಪ್ಪು ತರುತ್ತೇನೆಂದು ಮಾವ ಗರಿಗರಿ ಪಂಚೆಯಲ್ಲೇ ಮರ ಹತ್ತಿದರು. ಬೂದಿ ಬೇಡವೆಂದರು. ಅಯ್ಯೋ, ಅವರು ಇಳಿದದ್ದನ್ನು ನೋಡಬೇಕಿತ್ತು! ಪಂಚೆ ಕೊಂಬೆಯಲ್ಲಿ, ಮಾವ ಚಡ್ಡಿಯಲ್ಲಿ. ನಾವು ಬಿದ್ದು ಬಿದ್ದು ನಕ್ಕೆವು. ತಾತ ನಗಲಿಲ್ಲ.

ಸಂಜೆ ಬಿದಿರಿಗೆ ಪಂಜು ಕಟ್ಟಿಕೊಂಡು ಹೊರಟ.

"ಸುಡಬ್ಯಾಡಿ. ಕಾಯಿಗೆ ಹುಳ ಬೀಳ್ದಂಗೆ ಕಾಯೋವು ಅವೇಯ," ಅಂದಳು ಅಜ್ಜಿ.

"ಅಳಿಯಂಗಿಂತ ಇರುವೆ ಹೆಚ್ಚಾ ನಿಂಗೆ?"

ಗೂಡುಗಳು ಚಟಪಟ ಉರಿದವು.

ಬೇಸಿಗೆಯಲ್ಲಿ ಹುಲ್ಲಿನೊಳಗೆ ಹಣ್ಣಾದ ಬಾದಾಮಿ ಮಾವು ನೋಡಲು ಲಕ್ಷಣವಾಗಿತ್ತು. ಮದುವೆಯಾದ ಮೊದಲ ವರ್ಷ ಬೀಗರ ಮನೆಗೆ ಹಣ್ಣಿನ ಬುಟ್ಟಿ ಹೋಗಲೇಬೇಕು, ಇಲ್ಲದಿದ್ದರೆ ಗಂಗತ್ತೆ ಅಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಅಜ್ಜಿ ಒಂದನ್ನು ಕೊಯ್ದಳು. ಒಳಗೆಲ್ಲ ಬಿಳಿ ಹುಳ. ಇನ್ನೊಂದರಲ್ಲೂ ಅದೇ. ಹಣ್ಣಿನ ನೊಣ ಯಾವಾಗಲೋ ಮೊಟ್ಟೆಯಿಟ್ಟು ಹೋಗಿತ್ತು. ಕೊಯ್ಯದೆ ಗೊತ್ತಾಗುವುದಿಲ್ಲ, ಕೊಯ್ದರೆ ಕಳಿಸುವಂತಿಲ್ಲ. ತಾತ ಒಂದೊಂದನ್ನೂ ಮೂಸಿದ, ಒತ್ತಿದ, ಬೆಳಕಿಗೆ ಹಿಡಿದ. ಕೊನೆಗೆ ದೇವರ ಮೇಲೆ ಭಾರ ಹಾಕಿ ಬುಟ್ಟಿ ತುಂಬಿದ.

ಅಲ್ಲಿ ನೆಂಟರ ಮುಂದೆಯೇ ಕೊಯ್ದರಂತೆ.

ಗೌರಿ ಹಬ್ಬಕ್ಕೆ ಗಂಗತ್ತೆ ಆ ಬುಟ್ಟಿ ಹಿಡಿದು ಬಂದಳು. ನಮ್ಮ ಕಡೆ ಯಾರೂ ಬುಟ್ಟಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ, ಒಂದು ಅಚ್ಚು ಬೆಲ್ಲವಾದರೂ ಇಡುತ್ತಾರೆ. ಅದರಲ್ಲಿ ಏನೂ ಇರಲಿಲ್ಲ.

"ನಿಮ್ಮತ್ತೆ ಏನಂದ್ರವ್ವಾ?" ತಾತ ಕೇಳಿದ.

"ಏನೂ ಅನ್ಲಿಲ್ಲ ಕಣಪ್ಪಾ. ಇನ್ಮೇಲೆ ಕಳಿಸ್ಬ್ಯಾಡ."

ಯಾರಿಗೋಸ್ಕರ ಗೂಡು ಸುಟ್ಟದ್ದೆಂದು ಬೀಗರಿಗೆ ಹೇಳುವುದಾದರೂ ಹೇಗೆ?

ಈಗ ತೋಪಿನಲ್ಲಿ ನೊಣ ಹಿಡಿಯುವ ಪ್ಲಾಸ್ಟಿಕ್ ಡಬ್ಬಿಗಳು ನೇತಾಡುತ್ತಿವೆ. ಕೆಂಜಿಗ ಮಾತ್ರ ಮತ್ತೆ ಬರಲೇ ಇಲ್ಲ. ನನ್ನ ಮಕ್ಕಳು ಬೂದಿಯಿಲ್ಲದೆ ಮರ ಹತ್ತುತ್ತಾರೆ. ತಾತ ಬದುಕಿದ್ದಷ್ಟು ದಿನವೂ ಪ್ರತಿ ಬೇಸಿಗೆ ಆ ಬುಟ್ಟಿಯನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಸ್ವಲ್ಪ ಹೊತ್ತು ಮುಂದಿಟ್ಟುಕೊಂಡು ಕೂತಿದ್ದು, ಮತ್ತೆ ಅಟ್ಟಕ್ಕೇ ಇಡುತ್ತಿದ್ದ.