ಅಕ್ಕನ ಮನೆ ಮುಂದೆ ಸೈಕಲ್ ನಿಲ್ಲಿಸಲಿಲ್ಲ

ಇನ್ನೂರು ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ ಎಂದರೆ ನಮ್ಮ ಶಿಕಾರಿಪುರದ ಪೇಟೆಯಲ್ಲಿ ಜನ ಮೊದಲು ಕೇಳುವ ಪ್ರಶ್ನೆ, "ಫಸ್ಟ್ ಬಂದೋರಿಗೆ ಏನ್ ಕೊಡ್ತಾರ್ರೀ?" ಇದರಲ್ಲಿ ಫಸ್ಟ್ ಇಲ್ಲ, ಸೆಕೆಂಡೂ ಇಲ್ಲ. ಬೆಳಿಗ್ಗೆ ಐದಕ್ಕೆ ಹೊರಟು ಸಂಜೆ ಆರೂವರೆಯೊಳಗೆ ವಾಪಸ್ ಬಂದರೆ ಮುಗಿಸಿದವರು, ಬರದಿದ್ದರೆ ಮುಗಿಸದವರು. ಇರುವುದು ಇವೆರಡೇ ಜಾತಿ. ಹೋದ ವರ್ಷ ನಾನು ಎರಡನೆಯ ಜಾತಿಗೆ ಸೇರಿದೆ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಮಾತಿನ ಉತ್ತರ ಕೊಟ್ಟೆ: ಊಟ.

ನನಗೆ ಐವತ್ತು ದಾಟಿದೆ. ಮನೆಯವರ ಜೊತೆ ಗೊಬ್ಬರ, ಬೀಜದ ಅಂಗಡಿ ನೋಡಿಕೊಳ್ಳುತ್ತೇನೆ. ಗಲ್ಲಾದ ಹಿಂದೆ ಕೂತು ಕೂತು ಸೊಂಟ ಹಿಡಿದಾಗ ಗೇರಿನ ಸೈಕಲ್ ಒಂದನ್ನು ತಂದುಕೊಂಡೆ. ಮೊದಮೊದಲು ಅಂಜನಾಪುರದ ಡ್ಯಾಮಿನ ತನಕ ಹೋಗಿ, ನೀರು ನೋಡಿ, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಬಂದುಬಿಡುತ್ತಿದ್ದೆ. ನೋಡಿದವರು "ಈ ವಯಸ್ಸಲ್ಲಿ ಇದೇನ್ರೀ ನಿಮ್ಮ ಕಥೆ" ಎಂದು ನಕ್ಕರು. ನನಗೊಂದು ಗುಣವಿದೆ, ಯಾರಾದರೂ ನಕ್ಕರೆ ಆ ಕೆಲಸ ಬಿಡಲು ಮನಸ್ಸೇ ಬರುವುದಿಲ್ಲ. ಹಾಗೆ ತುಳಿಯುತ್ತ ತುಳಿಯುತ್ತ ಜಿಲ್ಲೆಯ ಸೈಕಲ್ ಕ್ಲಬ್ಬಿಗೆ ಸೇರಿ, ಅವರ ಇನ್ನೂರರ ಸವಾರಿಗೆ ಹೆಸರು ಕೊಟ್ಟೆ.

ದಾರಿ ಒಂದು ದೊಡ್ಡ ಸುತ್ತು. ಶಿಕಾರಿಪುರದಿಂದ ಶಿವಮೊಗ್ಗ, ಅಲ್ಲಿಂದ ಸಾಗರ, ಸಾಗರದಿಂದ ಉಳವಿಯ ಮೇಲೆ ಸೊರಬ, ಸೊರಬದಿಂದ ಶಿರಾಳಕೊಪ್ಪ ಹಾದು ಮತ್ತೆ ಶಿಕಾರಿಪುರ. ಉಳವಿಯಲ್ಲಿ ನನ್ನ ಅಕ್ಕನ ಮನೆ ಇದೆ, ಅದೂ ರಸ್ತೆಗೇ ಮುಖ ಮಾಡಿಕೊಂಡು. ಹೋದ ವರ್ಷ ಅಲ್ಲಿ ಒಂದು ಲೋಟ ನೀರು ಕುಡಿದು ಹೋಗೋಣವೆಂದು ಇಳಿದೆ. ಅಕ್ಕನ ಮನೆಯಲ್ಲಿ ಬರಿ ಒಂದು ಲೋಟ ನೀರು ಎಂಬುದೇ ಇಲ್ಲ. ನೀರಿನ ಹಿಂದೆ ಬೆಲ್ಲ, ಬೆಲ್ಲದ ಹಿಂದೆ ಚಾಪೆ, ಚಾಪೆಯ ಹಿಂದೆ ಎಲೆ. ಪೋಸ್ಟಿನವನು, ಕರೆಂಟ್ ಮೀಟರ್ ನೋಡುವವನು, ದಾರಿ ಕೇಳಲು ಲಾರಿ ನಿಲ್ಲಿಸಿದವನು, ಯಾರೂ ಆ ಕಟ್ಟೆ ಹತ್ತಿ ಖಾಲಿ ಹೊಟ್ಟೆಯಲ್ಲಿ ಇಳಿದಿಲ್ಲ. ನನಗೆ ಹೋಳಿಗೆ, ಅದರ ಮೇಲೆ ತುಪ್ಪ, ಅದರ ಮೇಲೆ "ನನ್ನಾಣೆ, ಇನ್ನೊಂದೇ ಒಂದು". ಎದ್ದಾಗ ಕಾಲು ನನ್ನ ಮಾತು ಕೇಳಲಿಲ್ಲ. ಶಿರಾಳಕೊಪ್ಪ ಮುಟ್ಟುವಷ್ಟರಲ್ಲಿ ಟೈಮು ಮುಗಿದಿತ್ತು.

ಅದರ ಮೇಲೆ ಕ್ಲಬ್ಬಿನವರು ಇನ್ನೊಂದು ಮಾತು ಹೇಳಿದರು. ಟೈಮಿಗೆ ಬಂದಿದ್ದರೂ ಅದು ಲೆಕ್ಕಕ್ಕೆ ಬರುತ್ತಿರಲಿಲ್ಲವಂತೆ. ಈ ಸವಾರಿಯಲ್ಲಿ ನಿನ್ನ ಗಾಡಿ, ನಿನ್ನ ಹೊಟ್ಟೆ, ನಿನ್ನ ಪಾಡು. ಹೋಟೆಲಿನಲ್ಲಿ ಕೊಂಡು ತಿನ್ನಬಹುದು, ಆದರೆ ನಮ್ಮವರು ದಾರಿಯಲ್ಲಿ ಕಾದು ನಿಂತು ಊಟ, ನೀರು ಕೊಡುವಂತಿಲ್ಲ. ಅಂಥ ನೆರವು ಏನಿದ್ದರೂ ಕಂಟ್ರೋಲುಗಳಲ್ಲಿ ಮಾತ್ರ. ಕಂಟ್ರೋಲ್ ಎಂದರೆ ಕ್ಲಬ್ಬಿನವರು ಕೂತು ನಮ್ಮ ಕಾರ್ಡಿಗೆ ಸೀಲು ಹಾಕುವ ಜಾಗ. ಅವು ಎಲ್ಲೆಲ್ಲಿವೆ ಎಂದು ಮೊದಲೇ ಹೇಳಿರುತ್ತಾರೆ, ಒಂದನ್ನು ಬಿಟ್ಟು. ಆ ಒಂದನ್ನು ಮಾತ್ರ, ಯಾರೂ ಅಡ್ಡದಾರಿ ಹಿಡಿಯದಿರಲಿ ಎಂದು, ಎಲ್ಲೋ ಗುಟ್ಟಾಗಿ ಇಟ್ಟಿರುತ್ತಾರೆ. ಒಂದು ಸೀಲು ತಪ್ಪಿದರೂ ಸವಾರಿ ಮುಗಿಸಿದ ಹಾಗಲ್ಲ.

ಅದಕ್ಕೇ ಈ ಸಲ ಹೊರಡುವ ಹಿಂದಿನ ದಿನ ಅಕ್ಕನಿಗೆ ಫೋನ್ ಮಾಡಿ ಖಡಕ್ಕಾಗಿ ಹೇಳಿದೆ. "ನಾಳೆ ನಿನ್ನ ಮನೆ ಮುಂದೇ ಹೋಗ್ತೀನಿ. ನೀನು ರಸ್ತೆಗೆ ಬರಬ್ಯಾಡ, ಕರಿಬ್ಯಾಡ. ಕರೆದ್ರೂ ನಾನು ತಿರುಗಿ ನೋಡಂಗಿಲ್ಲ."

ಅಕ್ಕ ನನಗಿಂತ ಬಹಳ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನ ಮದುವೆ, ಬಾಣಂತನ ಎಲ್ಲ ಮಾಡಿದವಳು ಅವಳೇ. ಆದರೂ ನಮ್ಮಿಬ್ಬರ ನಡುವೆ ಪ್ರೀತಿಯೂ ಜಗಳದ ದನಿಯಲ್ಲೇ ನಡೆಯುವುದು. ಹಾಗಾಗಿ ಬೈಗುಳ ಬರುತ್ತದೆ ಎಂದು ಕಾದೆ. ಅವಳು "ಆತು ಕಣೇ" ಎಂದಳು, ಅಷ್ಟೇ. ಮುನಿಸಿಲ್ಲ, ಮಾತಿಲ್ಲ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಬೆಳಿಗ್ಗೆ ಕೈಬೆರಳು ಮರಗಟ್ಟುವ ಚಳಿ. ಅಂಜನಾಪುರದ ಏರಿಯ ಮೇಲೆ ಮೊದಲ ಸೀಲು ಹಾಕಿಸಿಕೊಂಡು ಶಿವಮೊಗ್ಗದ ದಾರಿ ಹಿಡಿದೆ. ಈಸೂರಿನ ಕಡೆಯಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಬಂದ ಬೈಕಿನವನೊಬ್ಬ ನನ್ನ ಪಕ್ಕಕ್ಕೆ ಬಂದು, "ಯಾಕವ್ವಾ, ಬಸ್ ತಪ್ತಾ?" ಎಂದು ಕೇಳಿದ. "ಬಸ್ಸಿಗಿಂತ ಮುಂದೆ ಹೋಗ್ಬೇಕಾಗಿತ್ತು" ಎಂದೆ. ಅವನು ನಕ್ಕು ಹೋದ. ಶಿವಮೊಗ್ಗದಲ್ಲಿ ನಿಂತುಕೊಂಡೇ ಇಡ್ಲಿ ತಿಂದೆ. ಸಾಗರದ ಏರುಗಳಲ್ಲಿ ಎಲ್ಲೂ ಇಳಿದು ತಳ್ಳಲಿಲ್ಲ. ಸಾಗರದಲ್ಲಿ ಸೀಲು ಬಿದ್ದಾಗ ಒಂದು ಗಂಟೆಗಿಂತ ಜಾಸ್ತಿ ಟೈಮು ಉಳಿಸಿಕೊಂಡಿದ್ದೆ. ಈ ಸಲ ಮುಗಿಸಿಯೇ ಮುಗಿಸುತ್ತೇನೆ ಎಂದು ನನಗೆ ಅಲ್ಲೇ ಗೊತ್ತಾಯಿತು. ಇನ್ನು ದಾಟಬೇಕಾಗಿದ್ದದ್ದು ಒಂದೇ ಗಂಡಾಂತರ, ಅಕ್ಕನ ಮನೆ.

ಉಳವಿ ಹತ್ತಿರವಾದಂತೆ ನಾನು ಬೇಕೆಂದೇ ಜೋರು ಮಾಡಿದೆ. ಹಿಂದೆ ಮುಂದೆ ಬೇರೆ ಸವಾರರು ಯಾರೂ ಇರಲಿಲ್ಲ. ತಿರುವಿನಲ್ಲಿ ನೋಡುತ್ತೇನೆ, ಅಕ್ಕ ರಸ್ತೆಯ ಅಂಚಿಗೇ ಬಂದು ನಿಂತಿದ್ದಾಳೆ. ಒಂದು ಕೈಯಲ್ಲಿ ಲೋಟ. ಇನ್ನೊಂದು ಕೈಯಲ್ಲಿ ಏನೋ ಹಿಡಿದು ಎತ್ತೆತ್ತಿ ಬೀಸುತ್ತಿದ್ದಾಳೆ. ಹಿಂದೆ ಭಾವ ಹೆಗಲ ಟವೆಲ್ ತೆಗೆದು ಬೀಸುತ್ತಿದ್ದಾರೆ. ಅಷ್ಟು ಹೇಳಿದರೂ ಬಂದಳಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಮುಂದಿನ ಚಕ್ರದ ಮೇಲೆ ಕಣ್ಣು ನೆಟ್ಟು, "ಈ ಸಲ ಬ್ಯಾಡಕ್ಕಾ" ಎಂದು ಕೂಗಿ, ಇದ್ದ ಬಲವನ್ನೆಲ್ಲ ಪೆಡಲಿಗೆ ಹಾಕಿದೆ. ಹಿಂದಿನಿಂದ ಅವಳು ನನ್ನ ಹೆಸರು ಹಿಡಿದು "ನಿಲ್ಲೇ, ನಿಲ್ಲೇ" ಎಂದು ಕೂಗಿದ್ದು ಕೇಳಿಸಿತು. ನಾನು ನಿಲ್ಲಲಿಲ್ಲ. ಊರು ದಾಟಿದ ಮೇಲೆ, ಅಕ್ಕನ ಮನೆ ಮುಂದೆ ಪರಕೀಯಳ ಹಾಗೆ ಹೋದೆನಲ್ಲ ಎಂದು ಸಂಕಟವೂ ಆಯಿತು, ಗೆದ್ದೆನಲ್ಲ ಎಂದು ಸಮಾಧಾನವೂ ಆಯಿತು.

ಸೊರಬದಲ್ಲಿ ಕಂಟ್ರೋಲ್ ಇದ್ದದ್ದು ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ. ಸೀಲು ಹಾಕಿಸಿ, ಬಾಳೆಹಣ್ಣು ಸುಲಿಯುತ್ತ, ಚೀಲದಿಂದ ಫೋನ್ ತೆಗೆದರೆ ಅಕ್ಕನ ಮಿಸ್ಡ್ ಕಾಲುಗಳು ಸಾಲುಗಟ್ಟಿ ನಿಂತಿದ್ದವು. ಇನ್ನೂ ಊಟಕ್ಕೇ ಕರೆಯುತ್ತಿದ್ದಾಳೆ ಎಂದು ಗೊಣಗಿ ಫೋನನ್ನು ಮತ್ತೆ ಚೀಲಕ್ಕೆ ತುರುಕಿದೆ. ನನಗಿಂತ ಮೊದಲೇ ಬಂದು ಕಾಲು ಚಾಚಿ ಕೂತಿದ್ದ ಡಾಕ್ಟರೊಬ್ಬರು, ಅವರೂ ಸವಾರರೇ, ನನ್ನನ್ನು ನೋಡಿ ಮಾತು ತೆಗೆದರು.

"ಏನ್ ಮಜ್ಜಿಗೆ ಮೇಡಂ ಅದು, ಉಳವೀದು. ಆ ಅಮ್ಮ ಸೀಲ್ ಹಾಕೋಕೆ ಮೊದ್ಲು ಎರಡು ಲೋಟ ಕುಡಿಸಿಬಿಟ್ರು."

"ಯಾವ ಸೀಲು?"

"ಅದೇ, ಗುಟ್ಟಿನ ಕಂಟ್ರೋಲ್. ರಸ್ತೆ ಪಕ್ಕದ ಕಟ್ಟೆ ಮನೆ. ನಿಮಗೆ ಹಾಕ್ಲಿಲ್ವಾ?"

ಬಾಳೆಹಣ್ಣು ಕೈಯಲ್ಲೇ ಉಳಿಯಿತು. ಅಕ್ಕ ಬೀಸುತ್ತಿದ್ದದ್ದು ಸೀಲು. ಇನ್ನೂರು ಕಿಲೋಮೀಟರಿನ ದಾರಿಯಲ್ಲಿ ನಿಲ್ಲಲೇಬೇಕಾದ ಜಾಗ ಒಂದಿದ್ದರೆ ಅದು ಅವಳ ಮನೆಯಾಗಿತ್ತು, ಮತ್ತು ನಾನು ಅಲ್ಲಿ ಮಾತ್ರ ನಿಲ್ಲದೆ ಬಂದಿದ್ದೆ. ನಿಯಮ ಮೀರಬಾರದು ಎಂದು ಹಟ ಹಿಡಿದು ನಿಯಮವನ್ನೇ ತುಳಿದುಕೊಂಡು ಬಂದಿದ್ದೆ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಏನೆಂದು ಹೇಳಲಿ. ಆ ಹೋಟೆಲಿನ ಕಂಬಕ್ಕೆ ತಲೆ ಚಚ್ಚಿಕೊಳ್ಳೋಣ ಅನ್ನಿಸಿತು.

ಕಂಟ್ರೋಲಿನಲ್ಲಿ ಕೂತಿದ್ದ ಕ್ಲಬ್ಬಿನ ಹೆಣ್ಣುಮಗಳಿಗೆ ಪಾಪ, ನನ್ನ ಮುಖ ನೋಡಿ ಕನಿಕರ ಬಂತು. "ನಿಮ್ಮ ಅಕ್ಕನೇ ಅಂತೀರಿ, ನೀವು ಹೋಗಿದ್ದು ಅವರು ನೋಡಿದಾರೆ. ಫೋನಲ್ಲಿ ಕೇಳಿ ಬರ್ಕೊಳ್ಳೋಣ ಬಿಡ್ರಿ" ಎಂದಳು.

"ಬ್ಯಾಡ" ಎಂದೆ. "ಅಕ್ಕನ ಬಾಯಿಮಾತಲ್ಲಿ ಪಾಸಾದ್ಲು ಅಂತ ಆಗೋದು ನಂಗೆ ಬ್ಯಾಡ. ಉಳವಿ ಎಷ್ಟೊತ್ತಿಗೆ ಮುಚ್ತಾರೆ?"

"ಮೂರಕ್ಕೆ. ಹದಿನೈದು ಕಿಲೋಮೀಟರ್ ಐತ್ರೀ. ಈಗಾಗ್ಲೇ ಎರಡು ದಾಟೈತೆ."

"ಅಷ್ಟೇ ತಾನೇ" ಎಂದು ಬಾಳೆಹಣ್ಣನ್ನು ಬಾಯಿಗೆ ತುರುಕಿಕೊಂಡು ಸೈಕಲ್ ತಿರುಗಿಸಿದೆ. ಅಷ್ಟೇ ಎಂದದ್ದು ಬಾಯಿ. ಕಾಲಿಗೆ ನಿಜ ಗೊತ್ತಿತ್ತು.

ಬಂದ ದಾರಿಯಲ್ಲೇ ಉಲ್ಟಾ ಹೋಗುವುದು ಎಂಥ ಅವಮಾನ ಎಂದು ಅನುಭವಿಸಿದವರಿಗೇ ಗೊತ್ತು. ಎದುರಿಗೆ ಬರುತ್ತಿದ್ದ ಸವಾರರೆಲ್ಲ "ದಾರಿ ಈ ಕಡೆ ಮೇಡಂ" ಎಂದು ಕೈ ತೋರಿಸಿದರು. ಒಬ್ಬೊಬ್ಬರಿಗೂ ನಿಂತು ಕಥೆ ಹೇಳಲು ಹೊತ್ತಿರಲಿಲ್ಲ. ಗಾಳಿ ಎದುರಿನಿಂದ ಬೀಸುತ್ತಿತ್ತು. ತೊಡೆ ಉರಿಯಿತು. ನನ್ನನ್ನು ಬೈದುಕೊಂಡೆ, ಗುಟ್ಟಿನ ಕಂಟ್ರೋಲ್ ಎಂಬುದನ್ನು ಕಂಡುಹಿಡಿದವನನ್ನು ಬೈದೆ, ಆ ಡಾಕ್ಟರ ಮಜ್ಜಿಗೆಯನ್ನೂ ಬಿಡಲಿಲ್ಲ. ಬೈಯುತ್ತಿದ್ದರೆ ಕಾಲು ಆಡುತ್ತದೆ, ಸುಮ್ಮನಾದರೆ ನಿಲ್ಲುತ್ತದೆ ಎಂದು ಆವತ್ತು ತಿಳಿಯಿತು. ಹೋದ ವರ್ಷದ ಹಾಗೆ ಈ ವರ್ಷವೂ ವಾಪಸ್ ಹೋಗಿ ಪೇಟೆಯಲ್ಲಿ ಇನ್ನೊಂದು ಕಾರಣ ಹೇಳಿಕೊಂಡು ಓಡಾಡಲು ನಾನು ತಯಾರಿರಲಿಲ್ಲ.

ಮೂರಕ್ಕೆ ಇನ್ನೂ ಸ್ವಲ್ಪ ಇರುವಾಗ ಉಳವಿಯ ತಿರುವು ಬಂತು. ಅಕ್ಕ ಅದೇ ಜಾಗದಲ್ಲಿ, ಅದೇ ಲೋಟ, ಅದೇ ಸೀಲು ಹಿಡಿದು ನಿಂತಿದ್ದಳು. ಕಟ್ಟೆಯ ಮೇಲೆ ಕ್ಲಬ್ಬಿನ ಹಿರಿಯರು, ಬ್ಯಾಂಕಿನಿಂದ ರಿಟೈರ್ ಆದವರು, ತಪ್ಪು ಮಾಡಿದವರ ಹಾಗೆ ಕೂತಿದ್ದರು. ನಾನು ಹಾದುಹೋದಾಗ ಅವರು ಒಳಗೆ ಎಲೆಯ ಮುಂದೆ ಕೂತಿದ್ದರಂತೆ. ಆ ಮನೆಯಲ್ಲಿ ಅವರನ್ನು ಮಾತ್ರ ಉಣ್ಣಿಸದೆ ಬಿಟ್ಟಾರೆಯೇ. ಭಾವ ಬೈಕ್ ಹತ್ತಿ ನನ್ನ ಹಿಂದೆ ಬರಲು ಹೊರಟಿದ್ದರಂತೆ. ಸವಾರರನ್ನು ಗಾಡಿಯಲ್ಲಿ ಹಿಂಬಾಲಿಸುವಂತಿಲ್ಲ ಎಂದು ಇದೇ ಹಿರಿಯರು ಎಂಜಲು ಕೈಯಲ್ಲೇ ಓಡಿ ಬಂದು ತಡೆದರಂತೆ.

ನಾನು ಏದುಸಿರು ಬಿಡುತ್ತ ಕಾರ್ಡ್ ತೆಗೆಯುವಷ್ಟರಲ್ಲಿ ಅವರೇ ಉಳಿದದ್ದನ್ನೂ ಹೇಳಿದರು. ಅವರು ಭಾವನ ಹಳೆಯ ಸ್ನೇಹಿತರು. ತನ್ನ ಊಟದಿಂದ ತಂಗಿ ಸೋತಳು ಎಂದು ತಿಳಿದ ಅಕ್ಕ ಹೋದ ವರ್ಷವೇ ಅವರನ್ನು ಹಿಡಿದು, "ತಪ್ಪಾಗದಂಗೆ ಅವಳು ನನ್ನ ಮನೇಲಿ ಒಂದು ಲೋಟ ನೀರು ಕುಡೀಬೇಕಂದ್ರೆ ಏನ್ ಮಾಡ್ಬೇಕ್ರೀ?" ಎಂದು ಕೇಳಿದಳಂತೆ. ಕಂಟ್ರೋಲ್ ಆದರೆ ಮಾತ್ರ ಆಗುತ್ತದೆ ಎಂದರಂತೆ ಇವರು. "ಹಂಗಾರೆ ನಮ್ಮ ಕಟ್ಟೆನೇ ಮಾಡ್ರಿ" ಎಂದಳಂತೆ. ಗುಟ್ಟಿನದಾದ್ದರಿಂದ ನನಗೆ ಹೇಳುವಂತಿರಲಿಲ್ಲ. ಬೆಳಿಗ್ಗೆ ಕೇಳಿದ್ದನ್ನು ಮಧ್ಯಾಹ್ನದೊಳಗೆ ಊರಿಗೆಲ್ಲ ಹಂಚುವ ನನ್ನ ಅಕ್ಕ ಇದನ್ನು ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು.

ಅಕ್ಕ ಕಾರ್ಡನ್ನು ಕಟ್ಟೆಯ ಮೇಲೆ ಇಟ್ಟು ಸೀಲು ಒತ್ತಿದಳು. ನನಗಿಂತ ಅವಳಿಗೇ ಅವಸರ. ಸೀಲು ತಲೆಕೆಳಗಾಗಿ ಬಿತ್ತು.

"ಕುಡಿ. ನಿಂತ್ಕಂಡೇ ಕುಡಿ" ಎಂದು ಲೋಟ ಕೊಟ್ಟಳು. ಬಿಸಿಲಲ್ಲಿ ನಿಂತು ನಿಂತು ಮಜ್ಜಿಗೆ ಬೆಚ್ಚಗಾಗಿತ್ತು. ಒಂದೇ ಗುಟುಕಿಗೆ ಕುಡಿದೆ. ಕಣ್ಣು ತುಂಬಿ ಬಂತು. "ಅಕ್ಕಾ, ನಾನು" ಎಂದು ಏನೋ ಹೇಳಲು ಹೋದೆ.

"ಮಾತೆಲ್ಲ ಆಮೇಲೆ. ಹೋಗು."

ನಮ್ಮಲ್ಲಿ ಮನೆಗೆ ಬಂದವರಿಗೆ ಹೊರಡುವಾಗ 'ಹೋಗು' ಅನ್ನುವುದಿಲ್ಲ, 'ಹೋಗಿ ಬಾ' ಅನ್ನಬೇಕು. ಅಕ್ಕನ ಬಾಯಲ್ಲಿ ಬರಿ ಹೋಗು ಎಂಬುದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಚಾಪೆ ಹಾಸಲಿಲ್ಲ, ಬೆಲ್ಲ ತರಲಿಲ್ಲ, ಕೂತುಕೋ ಅನ್ನಲಿಲ್ಲ. ನನ್ನ ಬೆನ್ನ ಮೇಲೆ ಕೈ ಇಟ್ಟು ಸೈಕಲ್ ಕಡೆಗೆ ನೂಕಿದಳು.

ಸೊರಬ ಎರಡನೆಯ ಸಲ ದಾಟುವಾಗ ಅಲ್ಲಿ ಕ್ಲಬ್ಬಿನವರು ಯಾರೂ ಉಳಿದಿರಲಿಲ್ಲ. ಶಿರಾಳಕೊಪ್ಪದ ಹತ್ತಿರ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಇಳಿದು ಉಜ್ಜಿ, ಮತ್ತೆ ಹತ್ತಿದೆ. ಅಲ್ಲಿಂದ ಸ್ವಲ್ಪ ಮುಂದೆ ಹಿಂದಿನ ಚಕ್ರ ಪಂಕ್ಚರ್. ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಟ್ಯೂಬು ಬದಲಿಸಿದೆ, ಪಂಪು ಹೊಡೆದೆ, ಕೈಗೆಲ್ಲ ಕಪ್ಪು ಮಾಡಿಕೊಂಡು ಹೊರಟೆ. ಸೂರ್ಯ ಬೆನ್ನ ಹಿಂದೆ ಇಳಿಯುತ್ತಿದ್ದ. ಎಲ್ಲರೂ ಮುಗಿಸಿರುವ ದಾರಿಯಲ್ಲಿ ನಾನೊಬ್ಬಳೇ ಇದ್ದೆ, ಎಲ್ಲರಿಗಿಂತ ಮೂವತ್ತು ಕಿಲೋಮೀಟರ್ ಜಾಸ್ತಿ ತುಳಿದವಳು. ಕಾಲು ನಿಲ್ಲುತ್ತೇನೆ ಎಂದಾಗಲೆಲ್ಲ ಆ 'ಹೋಗು' ಕಿವಿಗೆ ಕೇಳಿಸುತ್ತಿತ್ತು. ಹೋದೆ.

ಶಿಕಾರಿಪುರದ ಕೊನೆಯ ಕಂಟ್ರೋಲಿನಲ್ಲಿ ಸೈಕಲ್ ನಿಲ್ಲಿಸಿದಾಗ ಆರೂವರೆಗೆ ಕೆಲವೇ ನಿಮಿಷ ಉಳಿದಿತ್ತು. ಮನೆಯವರು ಅಂಗಡಿ ಬಾಗಿಲು ಹಾಕಿ ಬಂದು ನಿಂತಿದ್ದರು. ಸೈಕಲ್ ಹಿಡಿದುಕೊಂಡರು. ಕಾರ್ಡ್ ನೋಡುವವರು ಒಂದೊಂದೇ ಸೀಲು ನೋಡುತ್ತ ಬಂದು ಉಳವಿಯದರ ಹತ್ತಿರ ನಿಂತರು.

"ಇದು ತಲೆಕೆಳಗಾಗೈತಲ್ರೀ."

"ಹಾಕಿದೋರು ಹೊಸಬರು" ಎಂದೆ.

ಅವರು ನಕ್ಕು ಕೊನೆಯ ಸೀಲು ಒತ್ತಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅಕ್ಕನಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಮುಗೀತಾ?"

"ಮುಗೀತಕ್ಕಾ. ಟೈಮಿಗೇ ಬಂದೆ."

ಆ ಕಡೆ ಮೂಗು ಒರೆಸಿಕೊಳ್ಳುವ ಸದ್ದು ಕೇಳಿಸಿತು. "ನಿನ್ನ ಊಟ ಆತಾ?" ಎಂದು ಕೇಳಿದೆ.

"ಎಲ್ಲಿ ಊಟ, ಬೆಳಿಗ್ಗೆಯಿಂದ ಹಂಗೇ ಇದೀನಿ. ನೀನು ಮುಟ್ಟಿದ ಮೇಲೇ ಉಣ್ಣೋದು ಅಂದ್ಕಂಡಿದ್ದೆ" ಎಂದಳು ಅಕ್ಕ. "ಇಡು ಫೋನು. ಈಗ ಉಣ್ತೀನಿ."