ದಂತದ ದೇವದೂತನಿಗೆ ಆಯುಧಪೂಜೆ

ಟೊರೊಂಟೊದ ಮ್ಯೂಸಿಯಮ್ಮಿನಲ್ಲಿ ಕಾವಲುಗಾರನಾಗಿ ನನ್ನ ಪ್ರೊಬೇಷನ್ನು ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಮುಗಿದರೆ ಕೆಲಸ ಖಾಯಂ; ನಡುವೆ ಎಡವಟ್ಟು ಮಾಡಿಕೊಂಡರೆ ಮನೆಗೆ. ನಾನು ಕಾಯುವ ಕೋಣೆಯ ನಡುವೆ ಒಂದು ಗಾಜಿನ ಪೆಟ್ಟಿಗೆ, ಅದರೊಳಗೆ ಒಂದು ಮೊಳವೂ ಇಲ್ಲದ ದಂತದ ವಿಗ್ರಹ. ಮುನ್ನೂರು ವರ್ಷದ ಹಿಂದೆ, ಯುರೋಪಿನ ಬರೋಕ್ ಕಾಲದಲ್ಲಿ ಕೆತ್ತಿದ್ದು. ರೆಕ್ಕೆಯ ದೇವದೂತ ಕತ್ತಿ ಎತ್ತಿ ಸೈತಾನನ ಎದೆಯ ಮೇಲೆ ನಿಂತಿದ್ದಾನೆ. ದೂತನ ಮುಖದಲ್ಲಿ ದಣಿವೇ ಇಲ್ಲ, ಕಷ್ಟವೆಲ್ಲ ಸೈತಾನನದು.

ದಿನದ ಲೆಕ್ಕವನ್ನು ಡೈರಿಯಲ್ಲಿ ಬರೆದಿಡುತ್ತೇನೆ. ಆ ಶನಿವಾರ ಮಧ್ಯಾಹ್ನದವರೆಗೆ ವಿಗ್ರಹದ ಬಗ್ಗೆ ಕೇಳಿದವರು ಮೂವರು, ವಾಶ್‌ರೂಮ್ ಎಲ್ಲಿ ಎಂದವರು ಇಪ್ಪತ್ತಾರು.

ಅಂದು ಆಯುಧಪೂಜೆ. ನಾನಿರುವುದು ಟೊರೊಂಟೊದಿಂದ ಒಂದು ಗಂಟೆ ದೂರದ ಜಾರ್ಜ್‌ಟೌನಿನಲ್ಲಿ, ಸೋದರತ್ತೆಯ ಮನೆಯಲ್ಲಿ. ಧಾರವಾಡದವರು. ಬೆಳಿಗ್ಗೆಯೇ ಅತ್ತೆ ಕಾರು, ಮಿಕ್ಸಿ, ಮಾವನ ಲ್ಯಾಪ್‌ಟಾಪು, ಹಿಮ ಎತ್ತುವ ಸಲಿಕೆ ಎಲ್ಲಕ್ಕೂ ಕುಂಕುಮ ಹಚ್ಚಿ, ನಿನ್ನ ಕೆಲಸದ ಸಾಮಾನು ಯಾವುದು ಎಂದು ಕೇಳಿದರು. ಜನರನ್ನು ಎಣಿಸುವ ಕ್ಲಿಕ್ಕರ್ ತೋರಿಸಿದೆ. ಅತ್ತೆಗೆ ಸಮಾಧಾನವಾಗಲಿಲ್ಲ.

"ಇದು ಎಣಸೂದು. ನೀ ಕಾಯೂದು ಯಾವುದನ್ನ?"

ತಮಾಷೆಗೆ ವಿಗ್ರಹದ ಫೋಟೋ ತೋರಿಸಿದ್ದೇ ತಪ್ಪಾಯಿತು. ಎರಡು ಗಂಟೆಗೆ ಅತ್ತೆ, ರೈಲು ಹಿಡಿದು, ರೇಷ್ಮೆ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ನನ್ನ ಕೋಣೆಯಲ್ಲಿ ಹಾಜರ್. ನಾನು ಗುರುತಿಲ್ಲದವನಂತೆ ಗೋಡೆ ನೋಡುತ್ತ ನಿಂತೆ. ಅಷ್ಟರಲ್ಲಿ ವಾಶ್‌ರೂಮಿನ ಇಪ್ಪತ್ತೇಳನೆಯವರು ಬಂದರು. ಅವರಿಗೆ ದಾರಿ ತೋರಿಸಿ ತಿರುಗುವುದರೊಳಗೆ ಗಾಜಿನ ಮೇಲೆ ಒದ್ದೆ ಕುಂಕುಮದ ಬೊಟ್ಟು ಬಿದ್ದಿತ್ತು.

ಒರೆಸಲು ಕರವಸ್ತ್ರ ಹುಡುಕುತ್ತಿದ್ದಾಗಲೇ ಸೂಪರ್‌ವೈಸರ್ ಮೇಡಂ ಬಂದು ಬಾಗಿಲಲ್ಲೇ ನಿಂತುಬಿಟ್ಟರು. ಅಲ್ಲಿಂದ ನೋಡಿದರೆ ಬೊಟ್ಟು ಸರಿಯಾಗಿ ಸೈತಾನನ ಹಣೆಯ ಮೇಲೆ. ಹಳೆಯ ದಂತದಲ್ಲಿ ಆ ಕಾಲದ ಬಣ್ಣ ಉಳಿದಿರುವುದುಂಟಂತೆ. ಅದೇ ಕಣ್ಣಿಗೆ ಬಿತ್ತೆಂದುಕೊಂಡು ಮೇಡಂ ಟಾರ್ಚು ಹಿಡಿದು ಹತ್ತಿರ ಬಂದರು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಬಣ್ಣ ಸೈತಾನನಿಂದ ದೂತನ ಮೊಣಕಾಲಿಗೆ ಜಿಗಿಯಿತು.

ಗಾಜು ಮುಟ್ಟಿ ನೋಡಿ, ಇದು ಯಾರ ಕೆಲಸ ಎಂದರು. ಗೊತ್ತಿಲ್ಲ ಎನ್ನಬಹುದಿತ್ತು. ಬೆಂಚಿನ ಮೇಲೆ ಅತ್ತೆ, ಉಂಗುರ ಬೆರಳು ಇನ್ನೂ ಕೆಂಪಗೆ, ನನ್ನನ್ನೇ ನೋಡುತ್ತಿದ್ದರು.

"ಅವರು ನನ್ನ ಅತ್ತೆ," ಎಂದೆ.

ವರ್ಷಕ್ಕೊಮ್ಮೆ, ಅನ್ನ ಕೊಡುವ ಸಾಮಾನಿಗೆ ನಾವು ಕೈಮುಗಿಯುತ್ತೇವೆ ಎಂದು ತೊದಲುತ್ತ ವಿವರಿಸಿದೆ. ಮೇಡಂ ತುಟಿ ಬಿಗಿದುಕೊಂಡು ಕೇಳಿದರು, ನನ್ನ ಕೈಯಿಂದಲೇ ಗಾಜು ಒರೆಸಿಸಿದರು, ಪ್ರೊಬೇಷನ್ನನ್ನು ಎರಡು ವಾರ ಹೆಚ್ಚಿಸಿದರು. ಅತ್ತೆಗೆ ಮಾತ್ರ ತಲೆಬಾಗಿ ನಮಸ್ಕಾರ ಹೇಳಿ ಹೋದರು.

ಸಂಜೆ ಕೆಲಸ ಮುಗಿಸಿ, ಅತ್ತೆಯ ಜೊತೆ ವಾಪಸು ರೈಲಿನಲ್ಲಿ, ಮುಖ ಊದಿಸಿಕೊಂಡು ಮೇಡಂ ಅಂದದ್ದೆಲ್ಲವನ್ನೂ ಹೇಳಿದೆ. ಅತ್ತೆ ಸೀಟಿಗೆ ಒರಗಿಕೊಂಡರು.

"ನೋಡು, ಪೂಜಾ ಮಾಡಿದ್ದಕ್ಕ ಎರಡು ವಾರ ಜಾಸ್ತಿನ ಇಟ್ಕೊಂಡ್ರು."