ಮರದ ಅಂಬಿಗನಿಗೆ ನಾನು ಕೊಟ್ಟ ಮುಖ

ಇತಿಹಾಸಕ್ಕೆ ಸಾಕ್ಷಿಯಾಗುವವನು ತಲೆಯೆತ್ತಿ ನೋಡಿರಬೇಕು. ನಾನು ನೋಡಿರಲಿಲ್ಲ—ನನಗೆ ದೋಣಿಯೆಂದರೆ ಹೆದರಿಕೆ. ಆದ್ದರಿಂದ ಸದಾಶಿವಗಡದ ನಮ್ಮ ಕೇರಿಯಲ್ಲಿ ನಿಂತಿರುವ ಮರದ ಅಂಬಿಗನ ಮುಖ ಅಂಬಿಗ ಪಾಂಡಣ್ಣನದಲ್ಲ. ಅದು ನನ್ನ ದಿವಂಗತ ಮಾವನವರದು. ಕೊಟ್ಟವನು ನಾನು.

ಕೆಲವು ವರ್ಷಗಳ ಹಿಂದೆ ಗಾಳಿಗೆ ಬಿದ್ದ ಹಲಸಿನ ಮರದಲ್ಲಿ ಕೇರಿಯ ಹಳೆಯ ಬದುಕನ್ನು ಕೆತ್ತಿಸಲು ಎಲ್ಲರೂ ಸೇರಿ ನಿಶ್ಚಯಿಸಿದೆವು. ಮೀನುಬುಟ್ಟಿ ಹೊತ್ತವಳು, ಬಲೆ ಹೆಣೆಯುವವನು, ಮತ್ತು ಸೇತುವೆ ಬರುವ ಮೊದಲು ಕಾಳಿ ನದಿ ದಾಟಿಸುತ್ತಿದ್ದ ಪಾಂಡಣ್ಣ. ಅವರ ಫೋಟೋ ಇರಲಿಲ್ಲ. ಅವರು ತೀರಿಕೊಂಡಾಗ ಮಗಳು ಸುಮಿತ್ರಾ ತೊಟ್ಟಿಲ ಕೂಸು. ಈಗ ಮೀನು ಮಾರುವ ಅವಳು ನನ್ನನ್ನು ಹುಡುಕಿಕೊಂಡು ಬಂದಳು.

“ಅಪ್ಪನ ದೋಣೀಲಿ ಕಾಲೇಜಿಗೆ ಹೋದವ್ರು ನೀವೊಬ್ರೇ ಉಳ್ದದ್ದು, ಮಾಸ್ತರೇ. ಹ್ಯಾಂಗಿದ್ರು ಹೇಳಿ.”

ದೋಣಿಯಲ್ಲಿ ಹೆದರಿ ತಲೆ ತಗ್ಗಿಸಿ ಕೂರುತ್ತಿದ್ದ ನಾನು ಕಂಡದ್ದು ಅವರ ಪಾದಗಳನ್ನು ಮಾತ್ರ—ಹಲಗೆಯ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡ ಬೆರಳುಗಳು. ಅದನ್ನು ಹೇಳಿದೆ, ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅವಳು ಕಾಯುತ್ತಿದ್ದಳು, ಶೆಟಗೇರಿಯ ಆಚಾರಿಯೂ ಉಳಿ ಹಿಡಿದು ಕಾಯುತ್ತಿದ್ದ, ನಾನೋ ಕೇರಿಯ ಅಧಿಕೃತ ಹಿರಿಯ... ಬಾಯಿಗೆ ಬಂದ ಮೂಗು ಮಾವನವರದು. ಮೂಗಿನ ಹಿಂದೆ ಹುಬ್ಬೂ ಬಂತು. ಮೀನುಪೇಟೆ ತಪ್ಪಿಸಲು ಊರು ಸುತ್ತಿ ಹೋಗುತ್ತಿದ್ದ ಆ ವೈದಿಕರು ಹೀಗೆ ಹುಟ್ಟು ಹಿಡಿದು ನಿಂತರು. ಹೆಂಡತಿ ನೋಡಿದೊಡನೆ ಗುರುತಿಸಿ ನನ್ನೊಡನೆ ಮಾತು ಬಿಟ್ಟಳು. ಗುಟ್ಟು ಮಾತ್ರ ಬಿಟ್ಟುಕೊಡಲಿಲ್ಲ.

ಸುಮಿತ್ರಾ ಅದಕ್ಕೆ ಅಬ್ಬಲಿಗೆ ಮುಡಿಸಿದಳು, ‘ಅಪ್ಪಾ’ ಎಂದು ಮಾತಾಡಿಸಿದಳು. ನಾನು ಸುಮ್ಮನಿದ್ದೆ. ಈ ವರ್ಷ ಮೊಮ್ಮಗನನ್ನು ಎತ್ತಿಕೊಂಡು ಬಂದು, ಮಗುವಿನ ಮೂಗೂ ಮೂರ್ತಿಯ ಮೂಗೂ ಒಂದೇ ನಮೂನೆ ಎಂದು ತೋರಿಸಿದಳು. ಮಾವನವರ ಮೂಗು ಪರರ ತೊಟ್ಟಿಲು ಸೇರಿದ ಮೇಲೆ ಸುಮ್ಮನಿರಲಾಗಲಿಲ್ಲ. ಹೇಳಿಬಿಟ್ಟೆ.

ಅವಳು ಮೂರ್ತಿಯತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಇಷ್ಟು ವರ್ಷ ಬೇರೆಯವರಿಗೆ ಹೇಳಿದ ‘ಅಪ್ಪಾ’—ಅದನ್ನು ನಾನು ಹಿಂದಿರುಗಿಸುವುದು ಹೇಗೆ...

“ಕಾಲಾದ್ರೂ ಅಪ್ಪಂದೇ ಹೌದಾ?”

“ಕಾಲು ಅವರದೇ.”

ಕುಕ್ಕರುಗಾಲಲ್ಲಿ ಕೂತು, ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ನಮ್ಮಲ್ಲಿ ಮರದ ದೋಣಿಗೆ ಹಚ್ಚುವಂತೆ ಈ ಮೂರ್ತಿಗಳಿಗೂ ಮಳೆಗಾಲಕ್ಕೆ ಮೊದಲು ಮೀನೆಣ್ಣೆ ಹಚ್ಚುತ್ತಾರೆ. ಇದಕ್ಕೆ ಹಚ್ಚುತ್ತಿದ್ದವಳು ಅವಳೇ.

“ಇನ್ನು ಮುಖದ ಚಾಕರಿ ನಿಮ್ದು, ಮಾಸ್ತರೇ. ಎಣ್ಣೆ ನಾ ಕೊಡ್ತೇನೆ. ನಿಮ್ಮ ಮಾವನೋರಿಗೆ ವಾಸನೆ ಆಗ್ತದಾ?”

“ಆಗೂದಿಲ್ಲ.”

“ರೂಢಿ ಆಗ್ತದೆ.”

ನಕ್ಕಳು, ಆದರೆ ಮೂರ್ತಿಯ ಮುಖದ ಕಡೆ ನೋಡಲಿಲ್ಲ. ಆ ತಪ್ಪು ನನ್ನ ಮೇಲಿರಲಿ.

ಈ ಸಲ ಮಳೆಗೆ ಮುಂಚೆ ಪಾದಗಳಿಗೆ ಅವಳು ಎಣ್ಣೆ ಹಚ್ಚಿದಳು, ಮುಖಕ್ಕೆ ನಾನು.